ಒಲೆ ಊದಿ ಮಿಲಿಟರಿಗೆ ಹೊರಟ ಅಣ್ಣ

ಮಿಲಿಟರಿಗೆ ಸೇರಬೇಕೆನ್ನುವವರು ದಂಡ ಹೊಡೆಯುತ್ತಾರೆ, ಬಸ್ಕಿ ತೆಗೆಯುತ್ತಾರೆ, ಹಾಲು ಕುಡಿಯುತ್ತಾರೆ. ನಮ್ಮಣ್ಣ ಒಲೆ ಊದಿದ! ನಗಬೇಡಿ. ಅವನ ಲೆಕ್ಕದಲ್ಲಿ ಎಲ್ಲದಕ್ಕೂ ಒಂದು ಕಾರಣ ಇರುತ್ತಿತ್ತು. ಆ ಕಾರಣವನ್ನು ಕೇಳಿದವರಿಗೆ ತಲೆ ತಿರುಗುತ್ತಿತ್ತು, ಅಷ್ಟೇ.

ಪಾಕಿಸ್ತಾನದ ಜೊತೆ ಯುದ್ಧ ಮುಗಿದ ಮಾರನೆಯ ವರ್ಷದ ಮಾತಿದು. ನಿಟ್ಟೂರಿನ ಹತ್ತಿರ ಒಡೆಯರೊಬ್ಬರ ಗದ್ದೆಯನ್ನು ಗೇಣಿಗೆ ಮಾಡಿಕೊಂಡು ಅವ್ವ, ಅಣ್ಣ, ಅವನ ತಂಗಿ ನಾನು, ಮೂವರೇ ಇದ್ದೆವು. ಅಪ್ಪ ನಾನು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡಿದ್ದ. ಆ ವರ್ಷ ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಸೋದರತ್ತೆಯ ಮಗ, ನಮ್ಮ ಭಾವ, ಮಿಲಿಟರಿಯಿಂದ ರಜೆಯ ಮೇಲೆ ಬಂದವನು ನಮ್ಮನೆಗೂ ಬಂದ. ಅವನ ಬೂಟಿನ ಸದ್ದಿಗೆ ಕೊಟ್ಟಿಗೆಯ ಎಮ್ಮೆ ಕೂಡ ಎದ್ದು ನಿಂತಿತು. ಊರಿನವರೆಲ್ಲ ಅವನಿಗೆ ಚಾಪೆ ಹಾಸಿ ಕೂರಿಸಿ ಮಾತಾಡಿಸಿದರು. ಅಣ್ಣ ಅದನ್ನೆಲ್ಲ ನೋಡುತ್ತಾ ಕೂತಿದ್ದ. ರಾತ್ರಿ ಊಟದ ಹೊತ್ತಿಗೆ ಹೇಳಿದ, "ಅವ್ವಾ, ನಾನೂ ಮಿಲಿಟರಿಗೆ ಸೇರ್ತೀನಿ. ಈ ಊರಲ್ಲಿ ಎಷ್ಟ್ ವರ್ಷ ಇದ್ರೂ ಗೇಣಿಯವನ ಮಗ ಅಂತಲೇ ಕರೀತಾರೆ. ಅಲ್ಲಾದ್ರೆ ನನ್ನ ಹೆಸರು ಹಿಡಿದು ಕರೀತಾರೆ."

ಅವ್ವ ಅನ್ನ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಗಂಡನ್ನ ದೇವರು ಕರ್ಕೊಂಡ. ಮಗನ್ನ ನಾನೇ ಕಳಿಸ್ಬೇಕಾ?" ಎಂದಳು. ಆಮೇಲೆ ಆ ವಿಷಯಕ್ಕೆ ಅವಳು ಬಾಯಿಯನ್ನೇ ಬಿಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಭಾವ ಹೊರಡುವ ಮೊದಲು ಪರೀಕ್ಷೆಯ ಗುಟ್ಟುಗಳನ್ನೆಲ್ಲ ಹೇಳಿಕೊಟ್ಟ. ಒಂದು ಮೈಲಿ ಓಡಬೇಕು. ಪಾದ ಚಪ್ಪಟೆ ಇರಬಾರದು. ಉಸಿರು ಎಳೆದಾಗ ಎದೆ ಎರಡು ಇಂಚು ಉಬ್ಬಬೇಕು. ಅದಕ್ಕೆ ದಿನಾ ಗಾಳಿ ಎಳೆದು ಬಿಡುವ ಅಭ್ಯಾಸ ಮಾಡಬೇಕು. ಇಷ್ಟು ಹೇಳಿ ಅವನು ಬಸ್ಸು ಹತ್ತಿದ. ಅನುಭವಿಸಲು ಉಳಿದವರು ನಾವು.

ಗಾಳಿಯನ್ನು ಸುಮ್ಮನೆ ಎಳೆದು ಸುಮ್ಮನೆ ಬಿಟ್ಟರೆ ದಂಡವಲ್ಲವೇ? ಹಾಗೆಂದು ಅಣ್ಣ ಬೆಳಗಾಗುತ್ತಲೇ ಊದುಗೊಳವೆ ಹಿಡಿದು ಒಲೆಯ ಮುಂದೆ ಕೂತ. ನಮ್ಮನೆಯ ಒಲೆ ಸಾಲದೆ ಪಕ್ಕದ ಮನೆಗೆ ಹೋದ. ಅಲ್ಲಿಂದ ಅದರಾಚೆಯ ಮನೆಗೆ. ಕೆಲವು ದಿನಗಳಲ್ಲಿ ಊರ ಹೆಂಗಸರೇ ಹೇಳಿ ಕಳಿಸತೊಡಗಿದರು: "ತಮ್ಮಾ, ಸೌದೆ ಹಸಿ ಇದೆ, ಚೂರು ಬಂದ್ ಹೋಗಾ." ಇವನು ಓಡುತ್ತಿದ್ದ. ಮುಖವೆಲ್ಲ ಬೂದಿ, ಕಣ್ಣು ಕೆಂಡ! ಯಕ್ಷಗಾನದ ರಾಕ್ಷಸ ವೇಷದವರು ಇವನ ಪಕ್ಕದಲ್ಲಿ ನಿಂತರೆ ಸಪ್ಪೆ ಕಾಣುತ್ತಿದ್ದರು. ಎದೆ ಎಷ್ಟು ಉಬ್ಬಿತೋ ಗೊತ್ತಿಲ್ಲ, ಊರಿನಲ್ಲಿ ಬೆಳಗಿನ ಕಾಫಿ ಮಾತ್ರ ಬೇಗ ಆಗುತ್ತಿತ್ತು.

ಎದೆ ಅಳೆಯುವ ಕೆಲಸ ನನ್ನದು. ಟೇಪು ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಬಾಳೆ ನಾರು ಸುತ್ತಿ, ಎರಡು ತುದಿ ಸೇರಿದಲ್ಲಿ ಎರಡಕ್ಕೂ ಒಂದೊಂದು ಗಂಟು ಹಾಕಿ, ಅದನ್ನು ಒಲೆಯ ಮೇಲಿನ ಗೂಟಕ್ಕೆ ತೂಗುಹಾಕುತ್ತಿದ್ದೆ. ಮುಂದಿನ ವಾರ ಅದೇ ನಾರನ್ನು ಮತ್ತೆ ಸುತ್ತಿ ನೋಡುವುದು. ಒಂದು ದಿನ ನೋಡಿದರೆ ಗಂಟಿಗೂ ಗಂಟಿಗೂ ನಡುವೆ ಮೂರು ಬೆರಳು ಜಾಗ! ಅಣ್ಣ ಅಂಗಳದಲ್ಲಿ ಕುಣಿದಾಡಿಬಿಟ್ಟ. ಅವ್ವ ಒಳಗಿನಿಂದಲೇ ಹೇಳಿದಳು, "ಎದೆ ಹಿಗ್ಗಿದ್ದಲ್ಲ ಕಣಾ. ಹೊಗೆಗೆ ನಾರು ಒಣಗಿ ಕುಗ್ಗಿದ್ದು." ಆವತ್ತಿನ ಮಟ್ಟಿಗೆ ಅವನ ಎದೆ ನಿಜವಾಗಿಯೂ ಒಂದು ಇಂಚು ಕುಗ್ಗಿರಬೇಕು.

ಪಾದದ ಕಥೆ ಇನ್ನೂ ಚೆಂದ. ಕಾಲು ಒದ್ದೆ ಮಾಡಿಕೊಂಡು ನೆಲದ ಮೇಲೆ ಹೆಜ್ಜೆ ಇಟ್ಟರೆ ಪಾದ ಚಪ್ಪಟೆಯೋ ಅಲ್ಲವೋ ಗೊತ್ತಾಗುತ್ತದೆಂದು ಭಾವ ಹೇಳಿದ್ದ. ಅವ್ವ ಸಗಣಿ ಹಾಕಿ ಸಾರಿಸಿದ ಜಗಲಿಯ ತುಂಬಾ ಇವನ ಹೆಜ್ಜೆ. ಅವನ ಪಾದಕ್ಕೆ ಕಮಾನು ಚೆನ್ನಾಗಿಯೇ ಇತ್ತು. ಅಷ್ಟಕ್ಕೆ ಬಿಡಬಾರದೇ? ಮನೆಗೆ ಬಂದವರು ಕಾಲು ತೊಳೆದು ಜಗಲಿ ಹತ್ತಿದರೆ ಸಾಕು, ಬಗ್ಗಿ ಅವರ ಹೆಜ್ಜೆ ನೋಡಿ ತೀರ್ಪು ಕೊಡುತ್ತಿದ್ದ. ಒಂದು ದಿನ ಒಡೆಯರೇ ಬಂದರು. ಅವ್ವ ತಂಬಿಗೆಯಲ್ಲಿ ನೀರು ಕೊಟ್ಟಳು, ಅವರು ಕಾಲು ತೊಳೆದು ಮೇಲೆ ಬಂದರು. ಅಣ್ಣ ಬಹಳ ಹೊತ್ತು ನೆಲ ನೋಡಿ, ಬಹಳ ಮರುಕದಿಂದ ಹೇಳಿದ, "ಒಡೆಯಾ, ನಿಮ್ಮನ್ನ ಮಿಲಿಟರಿಗೆ ತಗಳಲ್ಲ." ಒಡೆಯರಿಗೆ ಅರವತ್ತು ದಾಟಿತ್ತು. ಆದರೂ ಆವತ್ತಿನಿಂದ ಅವರು ಅಂಗಳದಲ್ಲೇ ನಿಂತು ಮಾತಾಡಿ ಹೋಗತೊಡಗಿದರು.

ಓಟಕ್ಕೆ ಒಂದು ಗಡಿಯಾರ ಬೇಕಲ್ಲ! ಗಡಿಯಾರ ಒಡೆಯರ ಮನೆಯಲ್ಲಿತ್ತು, ಅಲ್ಲಿಗೆ ಹೋಗುವ ಮುಖ ಇವನಿಗೆ ಉಳಿದಿರಲಿಲ್ಲ. ಅದಕ್ಕೆ ಹೊಸನಗರಕ್ಕೆ ಹೋಗುವ ಬೆಳಗಿನ ಬಸ್ಸನ್ನೇ ಗಡಿಯಾರ ಮಾಡಿಕೊಂಡ. ಏರು ರಸ್ತೆಯಲ್ಲಿ ಅದು ತಿಣುಕುತ್ತಾ ಬರುವಾಗ ಇವನು ಅದರ ಮುಂದೆ ಓಡುವುದು. ರಸ್ತೆ ಕಿರಿದು, ಒಂದು ಕಡೆ ಎತ್ತರದ ಧರೆ, ಇನ್ನೊಂದು ಕಡೆ ಕಣಿವೆ. ಡ್ರೈವರಿಗೆ ಮುಂದೆ ಹೋಗಲು ಜಾಗವೆಲ್ಲಿ?

"ಪಕ್ಕಕ್ಕೆ ಸರಿ ಮಾರಾಯಾ, ತಾಲ್ಲೂಕು ಆಫೀಸಿಗೆ ಹೋಗೋರಿದಾರೆ," ಎಂದು ಡ್ರೈವರು ಕೂಗಿದರೆ, ಇವನು ತಿರುಗಿಯೂ ನೋಡದೆ, "ಇನ್ನೊಂದ್ ತಿರುವು ತಡ್ಕಳಿ ಡ್ರೈವರಣ್ಣ, ಈಗ ಗೆಲ್ತಾ ಇದೀನಿ," ಎನ್ನುತ್ತಿದ್ದ. ಬಸ್ಸಿನವರು ಮೊದಮೊದಲು ಬೈದರು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹುರಿದುಂಬಿಸತೊಡಗಿದರು. ಜೋರು ಮಳೆಯಲ್ಲೂ ಅವನು ಒಂದು ದಿನವೂ ಬಿಡಲಿಲ್ಲ.

ಮಳೆಗಾಲ ಮುಗಿದ ಮೇಲೆ ಮಿಲಿಟರಿಯವರು ಸಾಗರಕ್ಕೆ ಬಂದರು. ಅಣ್ಣ ಹಿಂದಿನ ದಿನವೇ ಸ್ನೇಹಿತನೊಬ್ಬನನ್ನು ಕಟ್ಟಿಕೊಂಡು ಹೋದ. ಅಲ್ಲಿ ನಡೆದದ್ದನ್ನು ಆ ಸ್ನೇಹಿತನೇ ಆಮೇಲೆ ನಮಗೆ ಹೇಳಿದ. ಎದೆ ಉಬ್ಬಿತಂತೆ, ಪಾದವೂ ಪಾಸಾಯಿತಂತೆ. ಓಟದಲ್ಲಿ ಸೀಟಿ ಊದಿದ್ದೇ ತಡ, ಬಯಲುಸೀಮೆಯ ಹುಡುಗರನ್ನೆಲ್ಲ ಹಿಂದೆ ಹಾಕಿ ಇವನೇ ಮುಂದೆ. ಅರ್ಧ ಮೈದಾನ ಓಡಿದವನು ತಟ್ಟನೆ ನಿಂತುಬಿಟ್ಟ! ಬಗ್ಗಿ ಎಡಗಾಲಿನ ಬೆರಳ ಸಂದಿಗಳನ್ನು ನೋಡಿದ, ಬಲಗಾಲಿನ ಮೀನಖಂಡ ಸವರಿದ, ಮತ್ತೆ ಓಡಿದ. ಸ್ವಲ್ಪ ದೂರ ಹೋಗಿ ಮತ್ತೆ ನಿಂತ, ಮತ್ತೆ ಬಗ್ಗಿದ. ಮೂರನೆಯ ಸಲ ಬಗ್ಗುವಷ್ಟರಲ್ಲಿ ಎಲ್ಲರೂ ಅವನನ್ನು ದಾಟಿ ಹೋಗಿದ್ದರು. ಹವಾಲ್ದಾರರು ಬಂದು, ಕಾಲಿಗೆ ಏನಾಗಿದೆ ಎಂದು ಕೇಳಿದರಂತೆ.

"ಏನಿಲ್ಲ ಸಾರ್. ಉಂಬಳ ಹತ್ತಿದ್ಯಾ ನೋಡ್ದೆ," ಎಂದನಂತೆ ಇವನು.

ನಮ್ಮ ಕಡೆ ಮಳೆಗಾಲದಲ್ಲಿ ಹೊರಗೆ ಕಾಲಿಟ್ಟವರು ಯಾರೇ ಆಗಲಿ, ನಾಲ್ಕು ಮಾರಿಗೊಮ್ಮೆ ಬಗ್ಗಿ ನೋಡಿಕೊಳ್ಳಲೇಬೇಕು. ಇಲ್ಲದಿದ್ದರೆ ಕಾಡುಜಿಗಣೆ, ಅದೇ ಉಂಬಳ, ಹೊಟ್ಟೆ ತುಂಬಾ ರಕ್ತ ಕುಡಿದು ತಾನಾಗಿಯೇ ಉದುರುತ್ತದೆ. ಹುಟ್ಟಿದಾಗಿನಿಂದ ಬಂದ ರೂಢಿ ಅದು. ಅಣ್ಣ ಮಳೆಗಾಲವಿಡೀ ಹಾಗೆಯೇ ಓಡಿ ಅಭ್ಯಾಸ ಮಾಡಿದ್ದ. ಆ ಏರಿನಲ್ಲಿ ಬಸ್ಸು ಎಷ್ಟು ನಿಧಾನವೆಂದರೆ, ಇವನು ಬಗ್ಗಿ ಉಂಬಳ ಕಿತ್ತು ಬಿಸಾಕಿ ಓಡಿದರೂ ಗೆಲ್ಲುತ್ತಿದ್ದ! ಸಾಗರದ ಒಣ ಮೈದಾನದಲ್ಲಿ ಧೂಳು ಬಿಟ್ಟರೆ ಇನ್ನೇನೂ ಇರಲಿಲ್ಲವೆಂದು ಅವನ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಊರೆಲ್ಲ ನಕ್ಕಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಣ್ಣ ಮಾತ್ರ ನಗಲಿಲ್ಲ. ಒಲೆ ಊದುವುದನ್ನು ಬಿಟ್ಟ, ರಸ್ತೆಯ ಕಡೆ ಹೋಗುವುದನ್ನು ಬಿಟ್ಟ. ಗದ್ದೆಗೆ ಹೋಗುತ್ತಿದ್ದ, ಬಂದು ಊಟ ಮಾಡುತ್ತಿದ್ದ, ಮಲಗುತ್ತಿದ್ದ. ಎಲ್ಲರ ಮನೆಯ ಮಕ್ಕಳ ಹಾಗೆ ಆಗಿಬಿಟ್ಟಿದ್ದ. ಅವ್ವನಿಗೆ ಬೇಕಾದದ್ದು ಸಿಕ್ಕಿತ್ತು. ಅವಳು ಖುಷಿಯಾಗಿರಬೇಕಿತ್ತು. ಒಂದು ಸಂಜೆ ಅವನ ಪಕ್ಕದಲ್ಲಿ ಕೂತು ಅವಳೇ ಅಂದಳು, "ಎಂತಾದ್ರೂ ಹುಚ್ಚಾಟ ಮಾಡಾ. ಹಿಂಗೆ ಕೂರ್ಬೇಡ, ನನಗೆ ನೋಡಕ್ಕಾಗಲ್ಲ." ಅವನು ಎದ್ದು ಒಳಗೆ ಹೋದ.

ಶಿವರಾತ್ರಿಯ ಹೊತ್ತಿಗೆ ಒಂದು ಬೆಳಿಗ್ಗೆ ಬಸ್ಸು ನಮ್ಮನೆಯ ಎದುರು ನಿಂತಿತು. ಗದ್ದೆಗೆ ಹೊರಟಿದ್ದ ಅವ್ವನನ್ನು ಕರೆದು ಡ್ರೈವರು ಹೇಳಿದ, "ಮುಂದಿನ ವಾರ ತೀರ್ಥಹಳ್ಳಿಗೂ ಮಿಲಿಟರಿಯವ್ರು ಬರ್ತಾರಂತೆ ಅಮ್ಮ. ನಿಮ್ಮ ಮಗನಿಗೆ ಹೇಳಿ. ಅವ್ನಿಲ್ದೆ ನಮಗೂ ಬೇಜಾರು." ಅಲ್ಲಿದ್ದವಳು ಅವ್ವ ಒಬ್ಬಳೇ. ಹೇಳದೆ ಸುಮ್ಮನಿದ್ದರೆ ಅಣ್ಣನಿಗೆ ತಿಳಿಯುತ್ತಲೇ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಅವನ ಎಲೆಗೆ ತುಪ್ಪ ಹಾಕುತ್ತಾ, "ತೀರ್ಥಹಳ್ಳಿಗೆ ಬರ್ತಾರಂತೆ. ನಾವೂ ಮೇಳಿಗೆಗೆ ಬರ್ತೀವಿ, ನಿನ್ನತ್ತೆನ್ನ ನೋಡ್ದೆ ಭಾಳ ದಿನ ಆಯ್ತು," ಎಂದಳು. ಅಣ್ಣ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಅವಳು ನೋಡದವಳ ಹಾಗೆ ಮಜ್ಜಿಗೆ ತರಲು ಎದ್ದಳು.

ತೀರ್ಥಹಳ್ಳಿಯ ಆ ಮೈದಾನದಲ್ಲಿ ಹೆಂಗಸರೆಂದರೆ ಅವ್ವ, ಅತ್ತೆ ಮತ್ತು ನಾನು. ಬಿಸಿಲಿಗೆ ನೆಲ ಬಿರಿದಿತ್ತು. ಓಟಕ್ಕೆ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದರು. ಇದ್ದಕ್ಕಿದ್ದಂತೆ ಅವ್ವ ಮೈದಾನದ ಸುತ್ತ ಕಟ್ಟಿದ್ದ ಹಗ್ಗದ ಅಡಿಯಲ್ಲಿ ನುಸುಳಿ ನೇರ ಒಳಗೆ ಹೋದಳು. ನಾನು ಸೆರಗು ಹಿಡಿಯುವಷ್ಟರಲ್ಲಿ ಕೈತಪ್ಪಿತ್ತು. ಅಣ್ಣನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸೊಂಟದಿಂದ ಎಲೆಯಡಿಕೆ ಸಂಚಿ ಬಿಚ್ಚಿ, ಹೊಗೆಸೊಪ್ಪು, ಸುಣ್ಣ ಎರಡನ್ನೂ ಅಂಗೈಯಲ್ಲಿ ತಿಕ್ಕಿ, ಅವನ ಪಾದದಿಂದ ಮಂಡಿಯವರೆಗೆ ಹಚ್ಚಿದಳು. ಕಾಡಿಗೆ ಹೋಗುವಾಗ ಉಂಬಳ ಹತ್ತದಿರಲೆಂದು ನಾವು ಹಚ್ಚಿಕೊಳ್ಳುವುದು ಅದನ್ನೇ. ಸಾಲಿನಲ್ಲಿದ್ದ ಹುಡುಗರು ನಕ್ಕರು. ಹವಾಲ್ದಾರರು ಬಾಯಿಗಿಟ್ಟ ಸೀಟಿಯನ್ನು ಕೆಳಗಿಳಿಸಿ ಕಾದರು.

"ಇನ್ನು ಯಾವ್ದೂ ಹತ್ತಲ್ಲ. ಬಗ್ಗಿ ನೋಡ್ಬೇಡ. ಓಡು ಮಗಾ," ಎಂದಳು ಅವ್ವ.

ಅಣ್ಣ ಓಡಿದ. ಎಲ್ಲೂ ನಿಲ್ಲಲಿಲ್ಲ. ಅವನ ಹಿಂದೆ ಬಂದವರಿಗೂ ಅವನಿಗೂ ಎಷ್ಟು ಅಂತರವಿತ್ತೆಂದರೆ, ಅವರು ಬರುವಷ್ಟರಲ್ಲಿ ಅವನು ಗೆರೆ ಮುಟ್ಟಿ, ತಿರುಗಿ ನಿಂತು, ಉಸಿರು ಸುಧಾರಿಸಿಕೊಂಡಿದ್ದ. ಆಯ್ಕೆಯಾದವರ ಸಾಲಿನಲ್ಲಿ ಅವನನ್ನು ನಿಲ್ಲಿಸಿದರು. ಒಬ್ಬರು ಬಂದು ಜೋರಾಗಿ ಅವನ ಹೆಸರು ಕರೆದರು.

ಅವ್ವ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಎಷ್ಟ್ ಚಂದ ಓಡ್ತಾನಲ್ಲೇ," ಎಂದಳು. "ನಾನು ಒಂದ್ ದಿನಾನೂ ನೋಡಿರ್ಲಿಲ್ಲ."