ಬಿಚ್ಚಿ ಓದಿದ ಕಾದಂಬರಿಗಳು

ಕಾದಂಬರಿ ಓದುವುದು ಒಬ್ಬನೇ ಕೂತು ಮಾಡುವ ಕೆಲಸ, ಅದರಿಂದ ಯಾರಿಗೂ ತೊಂದರೆಯಿಲ್ಲ ಎನ್ನುವವರು ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಇದ್ದು ನೋಡಿದವರಲ್ಲ. ಅಲ್ಲಿಗೆ ತಿಂಗಳಿಗೊಂದು ಕಾದಂಬರಿ ಬರುತ್ತಿತ್ತು. ಹಿಂದೆಯೇ ಅದರ ಅನಾಹುತವೂ ಬರುತ್ತಿತ್ತು.

ಕಾರಣ ಸರಳ. ಕನ್ನಡದ ಮನೆಗಳು ಏಳೆಂಟು, ಪುಸ್ತಕ ಒಂದೇ. ಅದನ್ನೂ ಹುಬ್ಬಳ್ಳಿ ಧಾರವಾಡದ ಕಡೆಯಿಂದ ಬರುವವರು ಯಾರಾದರೂ ತರಬೇಕು. ಒಬ್ಬರು ಓದಿ ಮುಗಿಸುವವರೆಗೆ ಕಾಯುವ ತಾಳ್ಮೆ ಇನ್ನೊಬ್ಬರಿಗೆ ಇರಲಿಲ್ಲ. ಬಿಲ್ಡಿಂಗಿಗೆಲ್ಲ ಕಾಕಾ ಆಗಿದ್ದ ಮೂರನೆಯ ಮಹಡಿಯ ಹಿರಿಯರು ಇದಕ್ಕೊಂದು ದಾರಿ ಹುಡುಕಿದ್ದರು. ಅವರು ರೈಲ್ವೆಯ ಗೂಡ್ಸ್ ಆಫೀಸಿನಿಂದ ನಿವೃತ್ತರಾದವರು. ಬಂದ ಸಾಮಾನನ್ನು ಬಿಚ್ಚಿ ಹಂಚುವುದು ಅವರಿಗೆ ರಕ್ತಗತವಾಗಿತ್ತು. ಪುಸ್ತಕ ಬಂದ ದಿನವೇ ಬ್ಲೇಡು ಹಿಡಿದು ಹೊಲಿಗೆ ಬಿಚ್ಚುತ್ತಿದ್ದರು. ಹದಿನಾರು ಹದಿನಾರು ಪುಟಗಳ ಕಂತೆಗಳು ಬೇರೆಯಾಗುತ್ತಿದ್ದವು. ಪ್ರೆಸ್ಸಿನವರು ಅದನ್ನು ಫಾರಂ ಎನ್ನುತ್ತಾರೆ. ಮನೆಗೊಂದು ಫಾರಂ. ಓದಿದವರು ಪಕ್ಕದ ಮನೆಗೆ ದಾಟಿಸಬೇಕು. ಎಲ್ಲರದೂ ಮುಗಿದ ಮೇಲೆ ಕಾಕಾ ಮತ್ತೆ ಹೊಲಿದು, ಅಂಟು ಹಚ್ಚಿ, ಕಪಾಟಿನಲ್ಲಿಡುತ್ತಿದ್ದರು. ಕಥೆಯ ಯಾವ ಭಾಗ ಯಾರಿಗೆ ಮೊದಲು ಸಿಗುತ್ತದೆ ಎನ್ನುವುದು ಅವರವರ ಹಣೆಬರಹ.

ಇದನ್ನೆಲ್ಲ ದೂರದಿಂದ ನೋಡಿ ನಗುವ ಸೌಕರ್ಯ ನನಗಿರಲಿಲ್ಲ. ಧಾರವಾಡದಲ್ಲಿ ಎಂ.ಎ. ಮಾಡಿ, ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿ, ಅದೇ ಬಿಲ್ಡಿಂಗಿನ ತಳಮಹಡಿಯ ಖೋಲಿಯಲ್ಲಿ ಇನ್ನಿಬ್ಬರ ಜೊತೆ ಇದ್ದೆ. ಕಾಕಾನ ಮಗಳನ್ನು ಮದುವೆಯಾಗಬೇಕೆಂದಿದ್ದೆ. ನಮ್ಮ ಸೋದರಮಾವ ಊರಿನಿಂದ ಬಂದು ಜಾತಕ ಮುಂದಿಟ್ಟರೆ ಕಾಕಾ ಅದನ್ನು ಮುಟ್ಟಲಿಲ್ಲ.

“ಇದು ಬ್ಯಾಡ್ರಿ. ಗ್ರಹ ಯಾರಿಗೂ ಸರಿ ಇರಂಗಿಲ್ಲ. ಹುಡುಗ ನಮ್ಮ ಜೋಡಿ ಕಾದಂಬರಿ ಓದಲಿ. ರವಿವಾರ ಚಹಾಕ್ಕ ಬಂದು ಹೆಂಗನಿಸ್ತು ಹೇಳಲಿ. ನಾಕು ಕಾದಂಬರಿ ಆಗೂದರಾಗ ಮನಷ್ಯಾ ಎಂಥಾಂವ ಅಂತ ಗೊತ್ತಾಗತದ.”

ನನಗಿಂತ ಮೊದಲು ಆಂಟಾಪ್ ಹಿಲ್‌ನ ಇಂಜಿನಿಯರೊಬ್ಬ ಬಂದಿದ್ದನಂತೆ. ಹೆಂಗನಿಸ್ತು ಎಂದರೆ “ಟೈಮ್‌ಪಾಸ್ ಅದ” ಎಂದನಂತೆ. ಅವನಿಗೆ ಎರಡನೆಯ ಕಪ್ಪು ಚಹಾ ಬರಲಿಲ್ಲ. ಆ ಮನೆಯಲ್ಲಿ ಎಲ್ಲ ತೀರ್ಮಾನಗಳೂ ಎರಡನೆಯ ಕಪ್ಪಿನಲ್ಲಿ ಗೊತ್ತಾಗುತ್ತಿದ್ದವು.

ನನ್ನ ಕಷ್ಟ ಇಂಜಿನಿಯರನದಕ್ಕಿಂತ ದೊಡ್ಡದು. ನಾನು ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಯಾವುದೂ ಹಿಡಿಸುವುದಿಲ್ಲ.

ಮೊದಲೇ ಗೊತ್ತಿದ್ದ ಕೊಲೆಗಾರ

ಮೊದಲು ಬಂದದ್ದು ಪತ್ತೇದಾರಿ. ನನ್ನ ಪಾಲಿಗೆ ಬಂದದ್ದು ಕೊನೆಯ ಫಾರಂ. ಕೊಲೆ ಯಾರದ್ದೆಂದು ಗೊತ್ತಾಗುವ ಮೊದಲೇ ಕೊಲೆಗಾರನ ಕೈಗೆ ಬೇಡಿ ಬಿದ್ದಿತ್ತು.

ಎರಡನೆಯ ಮಹಡಿಯಲ್ಲಿ ಬ್ಯಾಂಕಿನವರೊಬ್ಬರ ಹೆಂಡತಿ ಇದ್ದರು, ಉಡುಪಿ ಕಡೆಯವರು. ಅವರಿಗೆ ಮೊದಲಿನಿಂದ ಸರಿಯಾಗಿ ಸಿಕ್ಕಿತ್ತು. ನಾನು ಆಫೀಸಿಗೆ ಹೊರಟಾಗ ಮೆಟ್ಟಿಲಿನ ಬುಡದಲ್ಲಿ ಹಿಡಿದರು.

“ಕೊಂದದ್ದು ಯಾರು ಅಂತ ಹೇಳ್ಬೇಡಿ ಆಯ್ತಾ? ಆದ್ರೆ ಡಾಕ್ಟ್ರಲ್ಲ ಅಲ್ವಾ?”

ನಾನು ಮುಖ ಗಂಟು ಹಾಕಿಕೊಂಡು ನಿಂತೆ.

“ಹೇಳ್ಬೇಡಿ ಅಂದ್ರೆ ಡಾಕ್ಟ್ರೇ ಅಂತ ಮುಖದಲ್ಲಿ ಹೇಳಿಬಿಟ್ರಲ್ಲ ಮಾರಾಯ್ರೇ” ಎಂದು ಬೇಸರದಿಂದ ಮೇಲೆ ಹತ್ತಿ ಹೋದರು. ಕೊಂದದ್ದು ಡಾಕ್ಟರ್ ಆಗಿರಲಿಲ್ಲ. ನನ್ನ ಮುಖವೇ ಹಾಗೆ.

ರವಿವಾರ ಕಾಕಾ ಕೇಳಿದರು, “ಹೆಂಗನಿಸ್ತು?”

“ಕೊಲಿ ಮಾಡಿದಾಂವ ಯಾರು ಅಂತ ಮೊದಲ ಗೊತ್ತಾಗಿತ್ರಿ.”

“ನನಗ ಕಡೀತನಕ ತಿಳೀಲಿಲ್ಲ. ನಿಮಗ ಎಷ್ಟನೇ ಪುಟಕ್ಕ ತಿಳೀತು?”

“ಮೊದಲನೇ ಪುಟಾ ಓದೂಕಿಂತ ಮೊದಲ.”

ಕಾಕಾ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರ ಮುಖದಲ್ಲಿ ಭಯಭಕ್ತಿ ಇತ್ತು. ಎರಡನೆಯ ಕಪ್ಪಿಗೆ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಡಿಗೆಮನೆಯಿಂದ ಮಗಳ ಧ್ವನಿ ಬಂತು.

“ಅಪ್ಪಾ, ಅವರಿಗೆ ಲಾಸ್ಟ್ ಫಾರಂ ಪಹಲೇ ಸಿಕ್ಕಿತ್ತು.”

ಚಹಾ ಬಂತು, ಅರ್ಧ ಕಪ್ಪು. ಇಷ್ಟು ದಿನ ತಪ್ಪು ಮನುಷ್ಯನಿಗೆ ಹೆದರಿದ್ದೆನೆಂದು ನನಗೆ ಆಗ ತಿಳಿಯಿತು.

ಎರಡನೆಯ ಮದುವೆ

ಮುಂದಿನದು ಸಾಂಸಾರಿಕ. ನಾಯಕಿ ಅತ್ತೆಯ ಮನೆಯಲ್ಲಿ ಪಡಬಾರದ ಪಾಡು ಪಟ್ಟು ಹಾಸಿಗೆ ಹಿಡಿಯುತ್ತಾಳೆ. ಇಡೀ ಬಿಲ್ಡಿಂಗು ಅತ್ತಿತು. ನನ್ನ ಕೈಗೆ ಬರುವ ಹೊತ್ತಿಗೆ ಆ ಫಾರಂ ಕೈಯಿಂದ ಕೈಗೆ ಹೋಗಿ, ಕಣ್ಣೀರು ಕುಡಿದು, ಮಡಿಕೆಯಲ್ಲಿ ಹರಿದು ಬಿಡಿ ಹಾಳೆಗಳಾಗಿತ್ತು. ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿದೆ.

ಲೋಕಲ್ಲಿನಲ್ಲಿ ಕೈಯಲ್ಲಿರುವ ಕಾಗದ ನಮ್ಮದಲ್ಲ, ಡಬ್ಬಿಯದು. ಪೇಪರು ಓದುತ್ತಿದ್ದರೆ ಪಕ್ಕದವನು ಒಂದು ಹಾಳೆ ಕೇಳುತ್ತಾನೆ, ನಾವು ಓದಿ ಮುಗಿಸಿದ್ದನ್ನು ಕೊಡುತ್ತೇವೆ. ಅವತ್ತು ಪಕ್ಕದಲ್ಲಿ ವಿಜಾಪುರದ ಕಡೆಯ ಮುಕಾದಮನೊಬ್ಬ ನಿಂತಿದ್ದ. ಕಟ್ಟಡದ ಕೂಲಿಯಾಳುಗಳನ್ನು ನೋಡಿಕೊಳ್ಳುವವನು, ಅಂಗಿಯ ಮೇಲೆ ಸಿಮೆಂಟು.

“ಸಾಹೇಬ್ರ, ಒಂದ್ ಹಾಳಿ ಕೊಡ್ರಿ. ಕನ್ನಡ ನೋಡಿ ಭಾಳ ದಿನಾ ಆತು.”

ಓದಿದ್ದೊಂದನ್ನು ಕೊಟ್ಟೆ. ಅವನು ತುಟಿ ಅಲ್ಲಾಡಿಸುತ್ತ ಓದಿದ. ಭಾಯಖಳಾ ಸ್ಟೇಶನ್ ಬಂತು, ಜನ ನುಗ್ಗಿದರು, ಅವನು ಹಾಳೆಯ ಸಮೇತ ಇಳಿದುಹೋದ. ನಾಯಕಿ ಸತ್ತದ್ದು ಆ ಹಾಳೆಯಲ್ಲಿತ್ತು.

ನನ್ನ ನಂತರ ಆ ಫಾರಂ ಹೋದದ್ದು ಕಾಕಾನ ಹೆಂಡತಿ ಕಾಕುಗೆ. ರವಿವಾರ ನಾನು ಹೋದಾಗ ಕಾಕು ಚಹಾ ಇಡದೆ ಹೊರಗೇ ಕೂತಿದ್ದರು.

“ಎಂಥಾ ಗಂಡಸರ್ರೀ ಇವರು? ಹೆಂಡತಿ ಹಾಸಿಗಿ ಮ್ಯಾಲೆ ಮಲಕೊಂಡಾಳ. ಪುಟಾ ಹೊಳ್ಳಸೂದರಾಗ ಇಂವ ಬಾಸಿಂಗ ಕಟಗೊಂಡು ಇನ್ನೊಂದು ಮದಿವಿಗೆ ನಿಂತಾನ.”

“ಬರದಾವಗೂ ನಾಚಿಕಿ ಇಲ್ಲ. ಕೋರ್ಟು ಕಾಯಿದೆ ಏನೂ ಇಲ್ಲೇನು?” ಎಂದರು ಕಾಕಾ. “ನೀವೇನಂತೀರಿ?”

ಅಳಿಯನಾಗುವವನು ಎರಡನೆಯ ಮದುವೆಯ ಬಗ್ಗೆ ಏನು ಹೇಳುತ್ತಾನೆಂದು ಮೂವರೂ ಕಾಯುತ್ತಿದ್ದರು. ಮೂರನೆಯವಳು ಪರದೆಯ ಹಿಂದೆ.

“ಆಕಿ ಸತ್ತಾಳ್ರಿ” ಎಂದೆ.

“ಎಲ್ಲೆ ಸತ್ತಳು?”

“ಭಾಯಖಳಾದಾಗ.”

“ಊರಾಗ ಹಾಸಿಗಿ ಹಿಡದಾಕಿ ಮುಂಬಯಿಗೆ ಯಾವಾಗ ಬಂದಳು?” ಎಂದರು ಕಾಕು.

ಮುಕಾದಮನ ವಿಷಯ ಹೇಳಿದೆ. ಪರದೆ ಅಲುಗಾಡಿತು. ಕಾಕು ಸ್ವಲ್ಪ ಮೆತ್ತಗಾದರು.

“ಹೋಗ್ಲಿ. ನೀವು ಓದೀರಲಾ, ಸಾಯೂಮುಂದ ಏನಂದಳು ಹೇಳ್ರಿ.”

ನಾಯಕಿ ಸಾಯುವ ಮುನ್ನ ಬಹಳ ಮಾತಾಡಿದ್ದಳು. ನಾನು ಜನರ ಮೊಣಕೈಗಳ ನಡುವೆ ಓದಿದ್ದೆ. ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ.

“ಏನಂದಳು?” ಕಾಕು ಸೆರಗು ಕಣ್ಣಿಗೆ ಹತ್ತಿರ ತಂದು ಸಿದ್ಧವಾಗಿದ್ದರು.

“ಎರಡು ಪುಟಾ ಅಂದಳ್ರಿ.”

ಅವತ್ತು ಮೊದಲನೆಯ ಕಪ್ಪೂ ಬರಲಿಲ್ಲ.

ಕುದುರೆ

ಮೂರನೆಯದು ಐತಿಹಾಸಿಕ. ಲೇಖಕರು ರಾಜನಿಗಿಂತ ರಾಜನ ಕುದುರೆಯನ್ನು ಹೆಚ್ಚು ವರ್ಣಿಸಿದ್ದರು. ನನ್ನ ಪರಿಸ್ಥಿತಿ ನಾಜೂಕಾಗಿತ್ತು. ಇನ್ನು ಬಾಯಿ ಬಿಡಬಾರದೆಂದು ನಿಶ್ಚಯಿಸಿ ಹೋದೆ.

“ಹೆಂಗನಿಸ್ತು?”

“ಚಲೋ ಅದರಿ.”

“ಚಲೋ ಅಂದ್ರ?” ಕಾಕಾನ ಹುಬ್ಬು ಮೇಲೆ ಹೋಯಿತು. ನನಗೆ ಇಂಜಿನಿಯರ ನೆನಪಾದ.

“ಕುದರಿ ಚಲೋ ಅದ.”

“ಅದು ಮೂರನೇ ಫಾರಂನಾಗ ಸಾಯತದಲಾ.”

“ಅಲ್ಲೀತನಕ ಚಲೋ ಅದ.”

ಕಾಕಾ ನನ್ನ ಖಾಲಿ ಕಪ್ಪನ್ನು ಎತ್ತಿ ನೋಡಿದರು. ಕೊನೆಗೆ ಒಳಗೆ ತಿರುಗಿ ಹೇಳಿದರು, “ಇನ್ನೊಂದು ಕಪ್ಪು ತಗೊಂಡು ಬಾ. ಇಡೀ ಬಿಲ್ಡಿಂಗಿನ್ಯಾಗ ಇಷ್ಟು ಖರೆ ಮಾತು ಯಾರೂ ಅಂದಿರಲಿಲ್ಲ.”

ಎರಡನೆಯ ಕಪ್ಪು ಪೂರ್ತಿ ಕುಡಿದದ್ದು ಅದೇ ಮೊದಲು. ಕೊಟ್ಟು ಹೋದವಳ ಮುಖದಲ್ಲಿ ಮಾತ್ರ ಯಾವ ಮೆಚ್ಚುಗೆಯೂ ಕಾಣಲಿಲ್ಲ.

ಬಾವಿಯ ಹೆಂಗಸು

ಕೊನೆಗೆ ಒಂದೇ ವಾರ ಎರಡು ಕಾದಂಬರಿ ಬಂದವು. ಒಂದು ನವ್ಯ, ಇನ್ನೊಂದು ದೆವ್ವದ್ದು. ಒಂದೇ ಪ್ರೆಸ್ಸು, ಒಂದೇ ಅಳತೆ, ಒಂದೇ ಬಗೆಯ ಅಗ್ಗದ ಕಾಗದ. ಕಾಕಾ ಎರಡನ್ನೂ ಒಂದೇ ಬೆಳಿಗ್ಗೆ, ಒಂದೇ ಚಾಪೆಯ ಮೇಲೆ ಬಿಚ್ಚಿದರು.

ನವ್ಯ ಕಾದಂಬರಿಯಲ್ಲಿ ಹೆಸರಿಲ್ಲದ ಒಬ್ಬ ‘ಅವನು’ ಖೋಲಿಯಲ್ಲಿ ಮಲಗಿ ಜಂತಿ ನೋಡುತ್ತಾನೆ. ನಾಲ್ಕು ಫಾರಂ ನೋಡುತ್ತಾನೆ. ಐದನೆಯದರಲ್ಲಿ ಇದ್ದಕ್ಕಿದ್ದಂತೆ ಅವನಿಗೆ ರಮೇಶ ಎಂಬ ಹೆಸರು ಬಂದು, ಅಮಾವಾಸ್ಯೆಯಲ್ಲಿ ಹಾಳು ಬಾವಿಗೆ ಹೋಗುತ್ತಾನೆ. ಅಲ್ಲಿಂದ ರುಂಡವಿಲ್ಲದ ಹೆಂಗಸೊಬ್ಬಳು ಎದ್ದು ಬಂದು ಅವನನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಆರನೆಯದರಲ್ಲಿ ಮತ್ತೆ ಹೆಸರು ಹೋಗಿ, ಜಂತಿ ನೋಡುತ್ತ ಮಲಗಿರುತ್ತಾನೆ.

ಏನಾಗಿದೆಯೆಂದು ನನಗೆ ಕೂಡಲೇ ತಿಳಿಯಿತು. ಎರಡು ಪುಸ್ತಕಗಳ ಐದನೆಯ ಫಾರಂ ಅದಲುಬದಲಾಗಿತ್ತು. ಹದಿನಾರರ ಲೆಕ್ಕದಲ್ಲಿ ಪುಟದ ಅಂಕಿ ಎರಡರಲ್ಲೂ ಒಂದೇ, ಆದ್ದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ. ಬರದಿರಲು ಇನ್ನೂ ದೊಡ್ಡ ಕಾರಣ, ಅದು ನವ್ಯ ಎಂದು ಎಲ್ಲರಿಗೂ ಮೊದಲೇ ಹೇಳಲಾಗಿತ್ತು.

ದೆವ್ವದ ಕಾದಂಬರಿ ಓದಿದ ಬ್ಯಾಂಕಿನವರ ಹೆಂಡತಿಯನ್ನು ಮೆಟ್ಟಿಲಿನಲ್ಲಿ ವಿಚಾರಿಸಿದೆ.

“ಅದರಲ್ಲಿ ಒಂದು ಕಡೆ ಒಬ್ಬ ಸುಮ್ಮನೆ ಮಲಗಿ ಜಂತಿ ನೋಡ್ತಾನೆ ನೋಡಿ. ಹದಿನಾರು ಪುಟ ಏನೂ ಆಗೂದಿಲ್ಲ. ನನಗೆ ನಿಜವಾಗಿ ಹೆದರಿಕೆ ಆದದ್ದು ಅಲ್ಲೇ ಮಾರಾಯ್ರೇ.”

ಕಾಕಾ ಮಾತ್ರ ಬೇರೆಯೇ ಎತ್ತರದಲ್ಲಿದ್ದರು. ಜೀವಮಾನದಲ್ಲಿ ಇಂಥದ್ದು ಓದಿಲ್ಲ ಎಂದರು. ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದು ತಿಂಗಳಿಗೊಮ್ಮೆ ಸೇರುತ್ತಿತ್ತು. ಆ ರವಿವಾರ ಈ ಕಾದಂಬರಿಯ ಮೇಲೆ ತಾವೇ ಮಾತಾಡುವುದಾಗಿ ಒಪ್ಪಿಕೊಂಡು ಬಂದಿದ್ದರು. ಅಧ್ಯಕ್ಷತೆ ಕಾಲೇಜಿನ ಕನ್ನಡ ಪ್ರೊಫೆಸರರದು.

ಮರುದಿನ ಬೆಳಿಗ್ಗೆ ಕಾಕಾನ ಮಗಳು ಮೆಟ್ಟಿಲಿನಲ್ಲಿ ಸಿಕ್ಕಳು. ಬಾಂದ್ರಾದ ಆಫೀಸಿಗೆ ಹೊರಟಿದ್ದಳು.

“ಐದನೇ ಫಾರಂ ಓದಿದ್ರಿ?”

“ಓದಿದೆ.”

“ಕುಛ್ ಲಗಾ?”

“ನಿಮಗೇನನಿಸ್ತು?”

“ಮೊದಲು ನಾನು ಕೇಳಿದ್ದು” ಎಂದು ಬಸ್ಸಿಗೆ ಓಡಿದಳು.

ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿದೆಯೇ ಎಂದು ಅವಳು ಕಾಯುತ್ತಿದ್ದಳು. ಹೇಳಿದರೆ ಅಪ್ಪ ಕೈತಪ್ಪುತ್ತಾರೆ, ಹೇಳದಿದ್ದರೆ ಮಗಳು. ಆಫೀಸಿನಲ್ಲಿ ಎರಡು ದಿನ ಒಂದೂ ಕೆಲಸ ಸರಿಯಾಗಿ ಮಾಡಲಿಲ್ಲ. ಕೊನೆಗೆ ಇಬ್ಬರಲ್ಲಿ ನಾನು ಮದುವೆಯಾಗಬೇಕಾದದ್ದು ಮಗಳನ್ನು ಎಂದು ಜ್ಞಾಪಿಸಿಕೊಂಡೆ. ಸಭೆಯ ದಿನ ಕಾಕಾ ಇಸ್ತ್ರಿಯ ಕೋಟು ಹಾಕಿಕೊಳ್ಳುತ್ತಿದ್ದಾಗ ಹೋಗಿ ಹೇಳಿದೆ.

“ಕಾಕಾ, ಆ ಭಾವಿ, ಆ ಹೆಂಗಸು, ಅದು ಈ ಕಾದಂಬರಿದಲ್ಲರಿ. ದೆವ್ವದ ಕಾದಂಬರಿದು. ಬಿಚ್ಚೂಮುಂದ ಐದನೇ ಫಾರಂ ಅದಲುಬದಲ ಆಗ್ಯದ.”

ಕಾಕಾ ಗುಂಡಿ ಹಾಕುವುದನ್ನು ನಿಲ್ಲಿಸಿದರು.

“ನಾ ತಪ್ಪು ಬಿಚ್ಚೇನಿ ಅಂತೀರಿ?”

“ಪುಟದ ಕೆಳಗ ಸಣ್ಣ ಅಕ್ಷರದಾಗ ಪುಸ್ತಕದ ಹೆಸರದ. ನೋಡ್ರಿ.”

“ಮೂವತ್ತು ವರ್ಷ ಗೂಡ್ಸ್ ಆಫೀಸಿನ್ಯಾಗ ಒಂದು ಗಂಟು ತಪ್ಪು ಡಬ್ಬಿಗೆ ಹಾಕಿಲ್ಲ. ಪೂರಾ ಪುಸ್ತಕದಾಗ ಅವಗ ಹೆಸರಿಲ್ಲ, ಭಾವಿ ಹತ್ತರ ಮಾತ್ರ ಹೆಸರು ಬರತದ. ಯಾಕ? ಅಂಜಿದಾಗಷ್ಟ ಮನಷ್ಯಾಗ ತಾ ಯಾರು ಅಂತ ನೆನಪಾಗತದ. ಇದು ನಿಮಗ ತಿಳೀಲಿಲ್ಲ. ಇನ್ನ ನೀವು ಹೋಗ್ರಿ.”

ಚಹಾದ ಪ್ರಶ್ನೆಯೇ ಏಳಲಿಲ್ಲ. ಆದರೂ ಸಭೆಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಪ್ರೊಫೆಸರರು ಆ ಪುಸ್ತಕವನ್ನು ಎರಡು ಸಲ ಓದಿದ್ದೇನೆ ಎಂದು ಮೊದಲೇ ಹೇಳಿಬಿಟ್ಟರು. ಇಷ್ಟು ಜನರ ಮುಂದೆ ಮುದುಕನ ಮಾನ ಹೋಗುತ್ತದೆ, ಜೊತೆಗೆ ನನ್ನ ಮದುವೆಯೂ ಎಂದುಕೊಂಡೆ. ಅಪ್ಪನ ಕಷ್ಟ ಕಣ್ಣಾರೆ ನೋಡಿಯೂ ಸುಮ್ಮನಿದ್ದ ಎಂದು ನಾಳೆ ನನ್ನ ಮೇಲೆಯೇ ಬರುತ್ತದೆ.

ಕಾಕಾ ರುಂಡವಿಲ್ಲದ ಹೆಂಗಸಿನ ಮೇಲೆ ಅರ್ಧ ತಾಸು ಮಾತಾಡಿದರು. ಆಕೆ ನಮ್ಮ ಸಮಾಜ ಎಂದರು. ಬಾವಿ ಮುಂಬಯಿ ಎಂದರು. ಪ್ರೊಫೆಸರರು ಎದ್ದರು.

“ನಾನು ಹೇಳಬೇಕೆಂದಿದ್ದದ್ದನ್ನು ಹಿರಿಯರು ಹೇಳಿಬಿಟ್ಟರು. ಎರಡು ಸಲ ಓದಿದಾಗಲೂ ನನ್ನನ್ನು ಕಾಡಿದ್ದು ಆ ರುಂಡವಿಲ್ಲದ ಹೆಂಗಸೇ. ಈ ಕಾದಂಬರಿಯ ಜೀವಾಳವೇ ಆಕೆ.”

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಬಸ್ ಸ್ಟಾಪಿನಲ್ಲಿ ಕಾಕಾ ಸಾಲಿನ ಮುಂದೆ ನಿಂತಿದ್ದರು, ಸಭೆಯಲ್ಲಿ ಹಾಕಿದ ಹಾರ ಇನ್ನೂ ಕೊರಳಲ್ಲೇ ಇತ್ತು. ಅಪ್ಪನ ಜೊತೆ ಸಭೆಗೆ ಬಂದಿದ್ದ ಮಗಳು ಹಿಂದೆ ಸರಿದು ನನ್ನ ಪಕ್ಕಕ್ಕೆ ಬಂದಳು.

“ಪ್ರೊಫೆಸರ್ ಪುಸ್ತಕ ಓದೇ ಇಲ್ಲ” ಎಂದಳು.

“ಗೊತ್ತು. ನೀವ್ಯಾಕೆ ಅಪ್ಪಗ ಮೊದಲ ಹೇಳಲಿಲ್ಲ?”

“ಹೇಳಿದ್ದೆ. ನಿನಗ ಕಾದಂಬರಿ ತಿಳಿಯಂಗಿಲ್ಲ ಅಂದ್ರು. ಈಗ ಮತ್ತೆ ಹೇಳ್ತೀರಾ?”

“ಒಮ್ಮೆ ಹೇಳೇನಿ.”

“ಒಮ್ಮೆ ಸಾಕು” ಎಂದಳು. ನಕ್ಕಳೆಂದೇ ನನ್ನ ನೆನಪು.

ಬಸ್ಸು ಬಂದಿತು. ಕಾಕಾ ಮೆಟ್ಟಿಲು ಹತ್ತುತ್ತ ಹಿಂದೆ ತಿರುಗಿ ನಮ್ಮಿಬ್ಬರನ್ನೂ ನೋಡಿದರು.

“ನಿಮಗ ಕಾದಂಬರಿ ತಿಳಿಯಂಗಿಲ್ಲ” ಎಂದರು ನನಗೆ.

“ಇಲ್ರಿ.”

“ಇಕಿಗೂ ತಿಳಿಯಂಗಿಲ್ಲ.”

ಹಿಂದಿನವರು ತಳ್ಳುತ್ತಿದ್ದರು. ಕಾಕಾ ಹಾರ ತೆಗೆದು ಮಗಳ ಕೈಗೆ ಕೊಟ್ಟರು.

“ನಿಮ್ಮ ಸೋದರಮಾವಗ ಬರಲಿಕ್ಕೆ ಕಾಗದ ಬರೀರಿ. ಇದಕ್ಕಿಂತ ಚಲೋ ಜಾತಕ ಕೂಡಂಗಿಲ್ಲ.”