ತರಬೇತಿ ಬೇಡವೆಂದ ಮಹಾನುಭಾವ

ಪ್ರಶ್ನೆಯಲ್ಲೇ ತಪ್ಪಿತ್ತು ಎಂಬುದು ನನ್ನ ವಾದ. "ನಮ್ಮ ಸಂಸ್ಥೆಗೆ ಹೊಸ ಇಮೇಲ್ ಮತ್ತು ಕ್ಯಾಲೆಂಡರ್ ಬರುತ್ತಿದೆ. ನಿಮಗೆ ಯಾವ ರೀತಿಯ ತರಬೇತಿ ಇಷ್ಟ?" ಎಂದು ಆಫೀಸಿನಿಂದ ಕೊಟ್ಟ ಹಾಳೆಯಲ್ಲಿ ಕೇಳಿ, ಕೆಳಗೆ ನಾಲ್ಕು ಉತ್ತರ ಕೊಟ್ಟಿದ್ದರು. ತರಗತಿಯಲ್ಲಿ ಕೂತು ಕಲಿಯುವುದು, ವಿಡಿಯೊ ನೋಡಿ ಕಲಿಯುವುದು, ಪಕ್ಕದಲ್ಲಿ ಗೊತ್ತಿರುವವರನ್ನು ಕೂರಿಸಿಕೊಂಡು ಕಲಿಯುವುದು. ಕೊನೆಯದು, ‘ತರಬೇತಿ ಬೇಡ, ನನಗೆ ಬರುತ್ತದೆ’. ನನಗೆ ಬೇಕಾದ್ದು ಆ ನಾಲ್ಕರಲ್ಲಿ ಇರಲೇ ಇಲ್ಲ. ನನಗೆ ಬೇಕಾಗಿದ್ದು, ಯಾರಿಗೂ ಕಾಣದ ಹಾಗೆ ಕಲಿಯುವುದು.

ನಾನು ಕಾಂತರಾಜು. ಹಾಸನದ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿರುವ ನಮ್ಮ ಶಾಲೆಗಳ ಗುಮಾಸ್ತರೆಲ್ಲ ನನ್ನ ದನಿ ಕೇಳಿದರೆ ಎದ್ದು ನಿಲ್ಲುತ್ತಾರೆ (ಫೋನಿನಲ್ಲಿ ಮಾತಾಡುವಾಗಲೂ ನಿಲ್ಲುತ್ತಾರೆ ಎಂದು ನಾನು ನಂಬಿದ್ದೇನೆ). ಇಲ್ಲಿಯವರೆಗೆ ಇಮೇಲ್ ಎಂದರೆ ಕಂಪ್ಯೂಟರ್ ವಿಭಾಗದ ಕೀರ್ತಿರಾಜ್ ಅದನ್ನು ಕಾಗದದ ಮೇಲೆ ತೆಗೆದು ತರುವುದು, ನಾನು ಕೆಂಪು ಶಾಯಿಯಲ್ಲಿ ತಿದ್ದುವುದು, ಅವನು ಒಯ್ದು ಕಳಿಸುವುದು. ಈ ಸುವ್ಯವಸ್ಥಿತ ಸಾಮ್ರಾಜ್ಯಕ್ಕೆ ಈಗ ಕುತ್ತು ಬಂದಿತ್ತು.

"ಪಕ್ದಲ್ಲಿ ಕೂತ್ಕಂಡು ಏಳ್ಕೊಡ್ತಾರೆ ಅಂತ ಅದೆಯಲ್ಲ, ಅದ್ಕೆ ಗುರುತು ಆಕ್ರೀ," ಎಂದಳು ನನ್ನ ಹೆಂಡತಿ ಜಯಲಕ್ಷ್ಮಮ್ಮ, ಬೆಳ್ಳುಳ್ಳಿ ಸುಲಿಯುತ್ತ.

"ಪಕ್ದಲ್ಲಿ ಕೂರೋನು ಯಾರು ಗೊತ್ತಾ? ಆ ಕೀರ್ತಿರಾಜ. ನಮ್ಮ ಧನ್ಯಂಗಿಂತ ಚಿಕ್ಕೋನು!" (ಧನ್ಯಾ ನಮ್ಮ ಮಗಳು.)

"ಚಿಕ್ಕೋನಾದ್ರೆ ಏನೀಗ? ಮೊಬೈಲ್ನಾಗೆ ಗ್ಯಾಸ್ ಬುಕ್ ಮಾಡೋದ ನಂಗೆ ಏಳ್ಕೊಟ್ಟೋಳು ಧನ್ಯಾನೇ. ನಾನೇನು ಸವೆದೋದ್ನಾ?"

"ನಿಂದು ಮನೆ ಕಣೇ, ನಂದು ಆಫೀಸು. ಸೂಪರಿಂಟೆಂಡೆಂಟಿಗೆ ಇಷ್ಟೂ ಬರಲ್ವಂತೆ ಅಂತ ಕ್ಯಾಂಟೀನ್ನಾಗೆ ನಗ್ತಾರೆ."

"ನಗ್ಲಿ ಬುಡಿ. ಎಷ್ಟೊತ್ತು ಅಂತ ನಗ್ತಾರೆ?"

ಅವಳ ಮಾತಿನಲ್ಲಿ ನ್ಯಾಯವಿತ್ತು. ಆದರೆ ನ್ಯಾಯವನ್ನು ಹೆಂಡತಿಯ ಬಾಯಿಂದ ಕೇಳಿದರೆ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ನಾನು ನಾಲ್ಕನೆಯದಕ್ಕೆ ಗುರುತು ಹಾಕಿದೆ.

ಮರುದಿನವೇ ನಮ್ಮ ಕಾರ್ಯದರ್ಶಿ ಸಂಪತ್ಕುಮಾರ ಅವರು ಕರೆದು ಬೆನ್ನು ತಟ್ಟಿದರು. "ಭೇಷ್ ಕಣ್ರೀ ಕಾಂತರಾಜು! ಹಾಗಿದ್ರೆ ತರಬೇತಿಯ ದಿನಾಂಕಾನ ಹೊಸ ಕ್ಯಾಲೆಂಡರಿನಲ್ಲಿ ಹಾಕಿ ಎಲ್ರಿಗೂ ಕಳಿಸೋ ಕೆಲಸ ನಿಮ್ಮದೇ." ನಾನು ಆಫೀಸಿನ ಲ್ಯಾಪ್‌ಟಾಪನ್ನು ಮನೆಗೆ ಹೊತ್ತು ತಂದು, ಬಾಗಿಲು ಹಾಕಿಕೊಂಡು, ವಿಡಿಯೊ ನೋಡುತ್ತ ನೋಡುತ್ತ ಒಂದು ಕರೆಯೋಲೆ ತಯಾರಿಸಿದೆ. ‘ತರಬೇತಿ’ ಎಂದು ಮೇಲೆ ಹೆಸರು, ದಿನ, ಜಾಗ, ಕೆಳಗೆ ಎಲ್ಲ ಸಿಬ್ಬಂದಿಯ ಹೆಸರು. ಒತ್ತಿದೆ, ಹೋಯಿತು! ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಏನೆಂದು ಹೇಳಲಿ, ಮದುವೆಯ ದಿನವೂ ಅಷ್ಟು ಹಿಗ್ಗಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೈ ಪಳಗಲಿ ಎಂದು ಅದೇ ಕರೆಯೋಲೆಯನ್ನು ನಕಲು ಮಾಡಿ, ದಿನ ಬದಲಿಸಿ, ‘ತರಬೇತಿ’ ಅಳಿಸಿ, ‘ಹಿರಿಯರ ಹಬ್ಬ, ನಮ್ಮ ಮನೆ, ಮಧ್ಯಾಹ್ನ ಊಟ’ ಎಂದು ಬರೆದು ಒತ್ತಿದೆ. ಬರುವ ಭಾನುವಾರ ಅಪ್ಪನಿಗೆ ಎಡೆ ಇಡಬೇಕಿತ್ತು, ಮರೆಯಬಾರದಲ್ಲ. ಕೆಳಗಿದ್ದ ಸಿಬ್ಬಂದಿಯ ಹೆಸರುಗಳು ಹಾಗೇ ಕೂತಿದ್ದವು, ನಾನು ಕಣ್ಣೆತ್ತಿಯೂ ನೋಡಲಿಲ್ಲ. ಕ್ಯಾಲೆಂಡರಿನಲ್ಲಿ ಬರೆದದ್ದು ಕ್ಯಾಲೆಂಡರಿನಲ್ಲೇ ಇರುತ್ತದೆ ಎಂದು ತಿಳಿದವನು ನಾನು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ ಹಾಲಿನವನು ಬರದ ದಿನಗಳನ್ನೆಲ್ಲ ಬರೆದಿದ್ದೇವೆ, ಅವು ಯಾವತ್ತೂ ಎದ್ದು ಅರಕಲಗೂಡಿಗೆ ಹೋದದ್ದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಫೋನಿನಲ್ಲಿ ಒಂದರ ಹಿಂದೆ ಒಂದು ಮೆಸೇಜು ಕೂಗತೊಡಗಿತು. ಹೊಳೆನರಸೀಪುರದ ಪರಮಶಿವಯ್ಯ ಬರುತ್ತಾರೆ. ಅರಕಲಗೂಡಿನ ಸ್ಪಂದನಾ ಬರುತ್ತಾರೆ. ಕೀರ್ತಿರಾಜ್ ಬರುತ್ತಾನೆ. ತರಬೇತಿಗೆ ಎಂಥ ಉತ್ಸಾಹ ಎಂದು ಬೀಗುತ್ತ ನೋಡಿದರೆ, ಅವರೆಲ್ಲ ಒಪ್ಪಿಕೊಂಡದ್ದು ಊಟವನ್ನು! ಕೊನೆಗೆ ಸಂಪತ್ಕುಮಾರ ಅವರೂ ಬರುತ್ತೇನೆಂದರು.

"ಏನ್ರೀ ಮಕ ಇಂಗಾಯ್ತು?" ಎಂದಳು ಜಯಲಕ್ಷ್ಮಮ್ಮ. ಹೇಳಿದೆ. ಸೌಟು ಹಿಡಿದವಳು ಹಾಗೇ ಕೂತುಬಿಟ್ಟಳು.

"ತಪ್ಪಾಗಿ ಬಂದದೆ, ಯಾರೂ ಬರ್ಬೇಡಿ ಅಂತ ಬರ್ದುಬುಡ್ತೀನಿ," ಎಂದೆ.

"ಮಾವನೋರ ಎಡೆಗೆ ಕರ್ದು ಬರ್ಬೇಡಿ ಅಂತೀರಾ? ಅವತ್ತು ಬಾಗ್ಲಿಗೆ ಬಂದೋರು ಇರೀಕ್ರೇ ಬಂದಂಗೆ ಅಂತ ಅವ್ರೇ ಏಳ್ತಿದ್ರು. ಬಂದೋರ ಬುಡಿ, ಬರೋರ್ನೂ ಅಟ್ಟುದ್ರೆ ಈ ಮನೆಗೆ ಒಳ್ಳೇದಾಯ್ತದಾ? ಬರ್ಲಿ. ಮಾಡಿ ಬಡಿಸ್ತೀನಿ. ಆದ್ರೆ ಮಟನ್ ತರೋ ಬ್ಯಾಗು ನಿಮ್ಮ ಎಗಲ ಮ್ಯಾಲೆ."

ನಿಜ ಹೇಳುತ್ತೇನೆ, ನನಗೆ ಸಮಾಧಾನವೇ ಆಯಿತು. ‘ತಪ್ಪಾಗಿ ಬಂದಿದೆ’ ಎಂದು ಬರೆದರೆ ‘ನನಗೆ ಬರುವುದಿಲ್ಲ’ ಎಂದು ಬರೆದಂತೆಯೇ. ಅದಕ್ಕೆ ಹೋಲಿಸಿದರೆ ಮಟನ್ ಅಗ್ಗ.

ಭಾನುವಾರ ಎಲ್ಲರೂ ಬಂದರು. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ. ಸಂಪತ್ಕುಮಾರ ಅವರು ಮಾತ್ರ ಬಾಳೆಹಣ್ಣು, ಹಾಲು ಸಾಕೆಂದು ಕುರ್ಚಿಯಲ್ಲಿ ಕೂತರು. ನಾನು ಒಳಗೆ ಅಪ್ಪನ ಪಟದ ಮುಂದೆ ಎಡೆಗೆ ಕೈ ಮುಗಿದು ನಿಂತೆ. ಅಪ್ಪ ತಲೆ ನೆರೆತ ಮೇಲೆ ಸೈಕಲ್ ಕಲಿತವರು. ನಮ್ಮೂರು ಗೊರೂರಿನ ಬೀದಿಯಲ್ಲಿ ಮಕ್ಕಳೆಲ್ಲ ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತಿದ್ದರು, ಅಪ್ಪ ಪಂಚೆ ಎತ್ತಿಕಟ್ಟಿ "ಬುಟ್ಬುಡ್ಬೇಡ್ರಲಾ!" ಎಂದು ಕೂಗುತ್ತಿದ್ದರು. ಊರೇ ನಗುತ್ತಿತ್ತು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅಪ್ಪನೇ. ನನಗೆ ಆ ಭಾಗ್ಯ ಯಾಕಿಲ್ಲ ಎಂದು ದುಃಖವಾಯಿತು. ಕಲಿಯುವುದು ಅಷ್ಟೇನೂ ಕಷ್ಟವಲ್ಲ. ಕಲಿಯುತ್ತಿದ್ದೇನೆ ಎಂದು ನಾಲ್ಕು ಜನರಿಗೆ ಕಾಣಿಸಿಕೊಳ್ಳುವುದೇ ಕಷ್ಟ. ಇವತ್ತು ಹೇಳಿಬಿಡಬೇಕು ಎಂದುಕೊಂಡು ಹೊರಗೆ ಬಂದೆ.

ಹೊರಗೆ ಸಂಪತ್ಕುಮಾರ ಅವರು ಎದ್ದು ನಿಂತಿದ್ದರು. "ನೋಡಿ, ನಿಮ್ಮಲ್ಲಿ ಹೆಚ್ಚಿನವರು ಪಕ್ಕದಲ್ಲಿ ಕೂತು ಹೇಳಿಕೊಡೋರು ಬೇಕು ಅಂದಿದ್ದೀರಿ. ‘ನನಗೆ ಬರುತ್ತೆ’ ಅಂದೋರು ಇಡೀ ಸಂಸ್ಥೆಗೆ ಒಬ್ಬರೇ. ಆ ಕ್ಯಾಲೆಂಡರಿನಲ್ಲಿ ಕರೆದು ಇಷ್ಟು ಜನರನ್ನ ಸೇರಿಸಿದೋರೂ ಅವರೇ! ಅದಕ್ಕೇ ಬೆಂಗಳೂರಿನಿಂದ ಹೇಳಿಕೊಡೋಕೆ ಬರೋರನ್ನ ಬೇಡ ಅಂದುಬಿಟ್ಟೆ. ಶನಿವಾರದ ತರಬೇತಿ ನಮ್ಮ ಕಾಂತರಾಜು ಅವರದ್ದೇ."

ಎಲೆಯ ಮುಂದೆ ಕೂತವರೆಲ್ಲ ಎಡಗೈಯಲ್ಲಿ ತೊಡೆ ತಟ್ಟಿ ಸಂಭ್ರಮಿಸಿದರು.

"ಸಾರ್, ಕ್ಷಮಿಸಬೇಕು," ಎಂದೆ. "ನನಗೆ ಬರಲ್ಲ. ಗುರುತು ಹಾಕಿದ್ದು ಸುಳ್ಳು. ಈ ಊಟದ ಕರೆ ಕೂಡ ಕೈತಪ್ಪಿ ಹೋದದ್ದು."

ಸಂಪತ್ಕುಮಾರ ಅವರು ಗಹಗಹಿಸಿ ನಕ್ಕರು. "ನೋಡಿದ್ರಾ! ಮನೆಗೆ ಕರೆದು ಉಪಚಾರ ಮಾಡಿ, ಕೈತಪ್ಪಿ ಕರೆದೆ ಅಂತಾರೆ. ಗೊತ್ತಿರೋರ ಲಕ್ಷಣವೇ ಇದು!"

"ಇಲ್ಲ ಸಾ, ಅವ್ರು ಏಳ್ತಿರೋದು ನಿಜ ಸಾ. ನಮ್ಮೋರ್ಗೆ ಏನೂ ಬರಲ್ಲ," ಎಂದು ಜಯಲಕ್ಷ್ಮಮ್ಮ ವಡೆಯ ತಟ್ಟೆ ಹಿಡಿದೇ ಕೂಗಿದಳು.

"ಅಮ್ಮಾವ್ರೂ ಅಂಗೇಯ! ಒಂದ್ಚೂರೂ ಜಂಬ ಇಲ್ಲ," ಎಂದು ಪರಮಶಿವಯ್ಯ ಇನ್ನೆರಡು ವಡೆ ಹಾಕಿಸಿಕೊಂಡರು.

ಸುಳ್ಳನ್ನು ಒಂದೇ ಗುರುತಿಗೆ ನಂಬಿದ ಜನ, ಸತ್ಯವನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಕೂಗಿದರೂ ನಂಬಲಿಲ್ಲ. ಉಳಿದದ್ದು ಒಂದೇ ದಾರಿ. ಯಾರ ಮುಂದೆ ಕೂರಬಾರದೆಂದು ಇಷ್ಟೆಲ್ಲ ಮಾಡಿದೆನೋ, ಅವನ ಕಾಲನ್ನೇ ಹಿಡಿಯುವುದು. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಬಂದ ಕೀರ್ತಿರಾಜನ ಕೈಗೆ ನಾನೇ ಚೊಂಬಿನಿಂದ ನೀರು ಹಾಕುತ್ತ, ದನಿ ತಗ್ಗಿಸಿ, "ಕೀರ್ತಿ, ಶನಿವಾರದೊಳಗೆ ಆ ಕ್ಯಾಲೆಂಡರ್ ಹೇಳ್ಕೊಡಪ್ಪ. ನಗೋದಾದ್ರೆ ನಗು, ಪರವಾಗಿಲ್ಲ," ಎಂದೆ.

ಅವನು ನಗಲಿಲ್ಲ. ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿ, ನನಗಿಂತ ಮೆತ್ತಗೆ ಹೇಳಿದ.

"ತಮಾಸೆ ಮಾಡ್ಬೇಡಿ ಸಾ. ನಂಗೆ ಹಳೇದು ಬಿಟ್ರೆ ಏನೂ ಬರಲ್ಲ. ಶನಿವಾರ ನಿಮ್ಮ ಪಕ್ಕದ ಕುರ್ಚಿ ನಂಗೇ ಇಡಿ ಸಾ, ಬೇರೆಯೋರ ಮುಂದೆ ಕೇಳೋಕೆ ನಾಚ್ಕೆ ಆಯ್ತದೆ."