ಉಡಿಯಲ್ಲಿ ಊರೂರು ತಿರುಗಿದ ಮದುವೆ

ಮದುವೆ ವಿಡಿಯೋ ಎಡಿಟ್ ಮಾಡುವವರ ಬದುಕಿನಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ ಎನ್ನುತ್ತಾರೆ. ಖರೆ. ಆದರೆ ನಡೆಯುವ ಹೊತ್ತಿಗೆ ನನಗೆ ಒಂದಕ್ಕೂ ನಗು ಬಂದಿಲ್ಲ. ನಗು ಬರುವುದೆಲ್ಲ ಆಮೇಲೆ, ಅದೂ ಮೊದಲು ಹೆಂಡತಿಗೆ.

ಬರೀ ಮೈಯ ಡಿಸ್ಕು

ಹಾನಗಲ್ಲಿನಲ್ಲಿ ನಮ್ಮ ಮನೆಯ ಪಡಸಾಲೆಯೇ ನನ್ನ ಸ್ಟುಡಿಯೋ. ಎಡಿಟಿಂಗ್ ಮುಗಿದು ಗಿರಾಕಿಗೆ ಪೆನ್‌ಡ್ರೈವ್ ಕೊಟ್ಟ ಮೇಲೆ, ಕ್ಯಾಮೆರಾದಲ್ಲಿ ಹಿಡಿದದ್ದನ್ನೆಲ್ಲ ಎರಡು ಡಿಸ್ಕಿಗೆ ತುಂಬಿ ತೆಗೆದಿಡುವುದು ನನ್ನ ಪದ್ಧತಿ. ಯಾರು ಯಾವಾಗ ಬಂದು ಏನು ಕೇಳುತ್ತಾರೋ ಹೇಳಲಿಕ್ಕಾಗದು. ದೊಡ್ಡ ಡಿಸ್ಕು ಮೇಜಿನ ಖಾನೆಯಲ್ಲಿ, ಬೆಂಕಿಪೊಟ್ಟಣದಷ್ಟು ಚಿಕ್ಕದು ಅವ್ವನ ಕಪಾಟಿನಲ್ಲಿ.

ರಸ್ತೆಯ ಧೂಳು ಕಂಡು ಅವ್ವ ಚಿಕ್ಕ ಡಿಸ್ಕುಗಳನ್ನು ಒಂದೊಂದು ಕುಪ್ಪಸದ ಖಣದಲ್ಲಿ ಸುತ್ತಿಡತೊಡಗಿದಳು. ಬೇಡವೆಂದೆ.

“ಮಂದಿ ಲಗ್ನ ಅದಾವೋ ಅದರಾಗ. ಬರೀ ಮೈಲೆ ಇಡ್ತಿ ಏನ?”

ಅಂದಿನಿಂದ ನನ್ನ ಡಿಸ್ಕುಗಳು ನನಗಿಂತ ಒಳ್ಳೆಯ ಬಟ್ಟೆ ತೊಟ್ಟು ಕೂತಿವೆ.

ಗಟ್ಟಿ ಖಣ

ಒಂದು ದಿನ ಶಿಗ್ಗಾಂವಿಯಿಂದ ಒಬ್ಬ ಅಕ್ಕನ ಫೋನು. ಅವರ ಹಿರಿಯ ಮಗಳ ಮದುವೆಯ ವಿಡಿಯೋ ನಾನೇ ಮಾಡಿಕೊಟ್ಟಿದ್ದೆ. ಮೈಕಿನಲ್ಲಿ ಹೆಸರು ಕೂಗಿ ಬೀಗರು ಬಿಜ್ಜರಿಗೆಲ್ಲ ಬಟ್ಟೆ ಕೊಡುವ ಆಯೇರಿ ಮುಗಿಯುವುದೇ ಇಲ್ಲವೆಂದು, “ತಗದ ಒಗೀರಿ, ಯಾರ ನೋಡ್ತಾರ” ಎಂದವರೂ ಅವರೇ. ನಾನು ನೋಡುವ ಗೋಜಿಗೂ ಹೋಗದೆ ಒಂದೇ ಏಟಿಗೆ ಕತ್ತರಿಸಿದ್ದೆ. ಈಗ ಅದೇ ಬೇಕಂತೆ.

“ಚಿಕ್ಕೇರೂರಾಗಿನ ನಮ್ಮಣ್ಣ ಸಿಟ್ಟಾಗಿ ಕುಂತಾನ್ರೀ. ಹಿರೇ ಮಗಳ ಲಗ್ನದಾಗ ಸೋದರಮಾವಗ ತಲಿಗೆ ಸುತ್ತೂ ರುಮಾಲ ಮುಟ್ಟಿಲ್ಲ ಅಂತಾನ. ನನ್ನ ಕೈಯಾರೆ ನಾನ ಕೊಟ್ಟೇನ್ರೀ! ಮುಂದಿನ ವಾರ ಸಣ್ಣಾಕಿ ಲಗ್ನ. ಬರಂಗಿಲ್ಲ ಅಂದಬಿಟ್ಟಾನ. ಸೋದರಮಾವ ಇಲ್ಲದ ಮದುಮಕ್ಕಳ ತಲಿಗೆ ಅಕ್ಕಿಕಾಳ ಹೆಂಗ ಹಾಕೂದ್ರೀ?” ಆಯೇರಿಯ ವಿಡಿಯೋ ತೋರಿಸದೆ ಅಣ್ಣ ಬಗ್ಗುವಂತಿರಲಿಲ್ಲ.

“ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಜ್ವಾಕಿಲೆ ಇಟ್ಟೇನಿ,” ಎಂದು ಗತ್ತಿನಿಂದ ಹೇಳಿ ಖಾನೆಯ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿದೆ. ಅದು ಹಲ್ಲಿಯ ಹಾಗೆ ಲೊಚಗುಟ್ಟಿತೇ ಹೊರತು ತೆರೆಯಲಿಲ್ಲ. ಬೆವರುತ್ತ ಅವ್ವನ ಕಪಾಟಿಗೆ ಓಡಿದೆ. ಎಲ್ಲರ ಮದುವೆಯೂ ಇತ್ತು, ಶಿಗ್ಗಾಂವಿಯದೊಂದಿಲ್ಲ.

“ಹಸರ ಖಣದಾಗಿಂದ?” ಅವ್ವ ನೆನಪಿಸಿಕೊಂಡಳು. “ಅಯ್ಯ, ಅಕ್ಕಿಆಲೂರಾಕಿ ಬಂದಿದ್ಲಲ್ಲ, ಅವಸರದಾಗ ಅಕಿ ಉಡಿಗೆ ಹಾಕಿಬಿಟ್ಟೆ. ಈ ಸಲದ ಖಣ ಗಟ್ಟಿ ಐತಿ ಅಂತ ಅಕೀನೂ ಖುಷಿಯಾದ್ಲು.”

ದರ್ಜಿಗೆ ಗುರುತಿದ್ದ ಬಟ್ಟೆ

ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿ ತುಂಬಿದ ಉಡಿಯನ್ನು ಮರಳಿ ಕೇಳುವುದು ನಮ್ಮ ಕಡೆ ಮಹಾ ಅಪಶಕುನ. ಆದರೂ ಬೈಕ್ ಹತ್ತಿ ಅಕ್ಕಿಆಲೂರಿಗೆ ಹೋದೆ.

“ಕೊಟ್ಟ ಉಡಿ ತಿರುಗಿ ಕೇಳಾಕ ಬಂದೀರೇನ್ರೀ?” ಎಂದು ಆ ಹೆಣ್ಣುಮಗಳು ಕಣ್ಣು ಕೆಕ್ಕರಿಸಿದಾಗ ನಾಚಿಕೆಯಿಂದ ಸತ್ತೇಹೋದೆ. ಖಣ ಅಲ್ಲಿರಲೂ ಇಲ್ಲ, ಸವಣೂರಿನಲ್ಲಿರುವ ಅವಳ ತಂಗಿಯ ಉಡಿ ಸೇರಿತ್ತು. ಸವಣೂರಿಗೆ ಹೋದರೆ ತಂಗಿ, “ದರ್ಜಿ ಸಾಲೂದಿಲ್ಲ ಅಂತ ವಾಪಸ್ ಕೊಟ್ಟಾನ್ರೀ. ಲಗ್ನಪತ್ರ ಕೊಡಾಕ ಬಂದವರೊಬ್ಬರ ಉಡಿಗೆ ಹಾಕೇನಿ. ಯಾರಂತ ಹೇಳ್ಲಿ? ದಿನಾ ಒಬ್ಬರು ಬರ್ತಾರ,” ಎಂದಳು.

ಡಿಸ್ಕು ದರ್ಜಿಯ ಅಂಗಡಿಯಲ್ಲೇ ಬಿದ್ದಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ಅಲ್ಲಿಗೂ ಹೋದೆ. ಹಿರಿಯ ದರ್ಜಿ ಚಾಚಾ ಕನ್ನಡಕ ಏರಿಸಿ ಹೇಳಿದರು: “ಒಳಗ ಡಬ್ಬಿ ಇತ್ರೀ. ಮಂದಿ ಬಂಗಾರ ನಮಗ್ಯಾಕ ಅಂತ ಹೆಂಗಿತ್ತೋ ಹಂಗ ಮಡಚಿ ಕಳಿಸಿದೆ. ಆ ಹಸರ ಖಣ ನಂಗ ಹೊಸಾದಲ್ರೀ. ವರ್ಷಾ ಒಂದೊಂದ ಮನಿಂದ ಬರತೈತಿ, ವರ್ಷಾ ಸಾಲೂದಿಲ್ಲ ಅಂತ ಕಳಸ್ತೇನಿ.”

ಆರಿದ ಚಹಾ

ಇನ್ನು ಕಾಲು ಹಿಡಿಯುವುದೊಂದೇ ದಾರಿ ಎಂದು ಹೆಂಡತಿಯನ್ನು ಕರೆದುಕೊಂಡು ಶಿಗ್ಗಾಂವಿಗೆ ಹೋದೆ. ನನ್ನ ದುರ್ದೈವಕ್ಕೆ, ವಿಡಿಯೋ ಬರುತ್ತದೆಂದು ಅಣ್ಣನನ್ನೂ ಊರ ಹಿರಿಯರನ್ನೂ ಅಕ್ಕ ಕರೆಸಿದ್ದರು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಮುಂದಿಟ್ಟ ಚಹಾ ಕೆನೆಗಟ್ಟಿತ್ತು.

“ರುಮಾಲ ನನ್ನ ತಲಿ ಮ್ಯಾಲ ಬಿದ್ದದ್ದ ತೋರಸ್ರಿ, ಆಮ್ಯಾಲ ಚಹಾ ಕುಡೀತೇನಿ,” ಎಂದು ಗೋಡೆಗೇ ಹೇಳಿದ.

ಅಷ್ಟರಲ್ಲಿ ಅಕ್ಕ, ಆ ಸಂಕಟದಲ್ಲೂ ಪದ್ಧತಿ ಬಿಡದೆ, ನನ್ನ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಲು ಬಂದರು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು. ಆಮೇಲೆ ಹಸಿರು ಖಣವೊಂದು ಧೊಪ್ಪನೆ ಬಿತ್ತು. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು.

“ವಿಡಿಯೋ ಎಲ್ಲಿ ಐತಿ, ಕೊಡ್ರಿ ಇನ್ನ,” ಎಂದರು ಅಕ್ಕ.

“ನೀವ ಈಗ ಕೊಟ್ಟೀರಲ್ರೀ ಅಕ್ಕಾರ!” ಎಂದೆ.

ಸವಣೂರಿಗೆ ಲಗ್ನಪತ್ರ ಕೊಡಲು ಹೋಗಿದ್ದವರು ಇವರೇ. ಉಡಿಯ ಖಣವನ್ನು ಯಾರು ಬಿಚ್ಚಿ ನೋಡುತ್ತಾರೆ? ಹಾಗೆಯೇ ಪೆಟ್ಟಿಗೆ ಸೇರಿತ್ತು. ನಾನು ಕೈ ಚಾಚಿದರೆ ಹೆಂಡತಿ ಸೆರಗು ಬಿಗಿಹಿಡಿದಳು. “ಉಡಿ ಮನಿಗೆ ಒಯ್ದು ದೇವರ ಮುಂದ ಇಟ್ಟ ಮ್ಯಾಲನ ಬಿಚ್ಚೂದು!” ಕಡೆಗೆ ಒಬ್ಬ ಹಿರಿಯರು, “ದೇವರು ಇಲ್ಲೂ ಅದಾನವಾ” ಎಂದು ಅಕ್ಕನ ಮನೆಯ ದೇವರ ಜಗಲಿಯ ಮುಂದೆಯೇ ಇಡಿಸಿ, ನನ್ನ ಜೀವ ಉಳಿಸಿದರು.

ಮೈಕಿನ ಮಾವ

ಡಿಸ್ಕನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ತೆರೆಯಿತು! ಟಿವಿಯಲ್ಲಿ ಆಯೇರಿ ಬಂತು. ಮಂದಿಯೆಲ್ಲ ಊಟಕ್ಕೆ ಓಡಿ ಮಂಟಪ ಖಾಲಿ. ವೇದಿಕೆಯ ಮೇಲೆ ಅಕ್ಕ ತಲೆ ತಗ್ಗಿಸಿ ಬಟ್ಟೆಯ ರಾಶಿಯಿಂದ ಒಂದೊಂದೇ ತೆಗೆದು ಹಿಂದಿನಿಂದ ಕೊಡುತ್ತಿದ್ದಾರೆ. ಅದನ್ನು ಇಸಿದುಕೊಂಡು ಮೈಕಿನಲ್ಲಿ ಚೀಟಿ ಓದುತ್ತಿರುವವನು ಸಾಕ್ಷಾತ್ ಚಿಕ್ಕೇರೂರಿನ ಅಣ್ಣ.

ಅಕ್ಕ ಕೇಸರಿ ರುಮಾಲು ಅವನ ಕೈಗಿಟ್ಟರು. ಅವನು ಕೂಗಿದ: “ಕನ್ಯಾದ ಸೋದರಮಾವ, ಚಿಕ್ಕೇರೂರು! ಎಲ್ಲಿದ್ರೂ ಲಗೂನ ಬರಬೇಕು!” ಯಾರೂ ಬರಲಿಲ್ಲ. ಅವನು ಅಂಗೈ ಅಡ್ಡ ಹಿಡಿದು ಊಟದ ಸಾಲಿನವರೆಗೂ ಹುಡುಕಿದ. ಇನ್ನೊಮ್ಮೆ ಕೂಗಿದ. ಆಮೇಲೆ ರೇಗಿ, “ಇಂಥಾ ಮಂದಿಗೆ ಆಯೇರಿ ಬ್ಯಾರೆ ಕೇಡು!” ಎಂದು ರುಮಾಲನ್ನು ಪಕ್ಕದ ಕುರ್ಚಿಗೆ ಎಸೆದು, ಮುಂದಿನ ಚೀಟಿ ಓದಿದ.

ಅಕ್ಕ ಕೈಯಾರೆ ಕೊಟ್ಟದ್ದೂ ಖರೆ, ಅಣ್ಣನ ತಲೆಗೆ ಬೀಳದಿದ್ದದ್ದೂ ಖರೆ. ಮೊದಲು ಕಿಸಕ್ಕೆಂದವಳು ನನ್ನ ಹೆಂಡತಿ. ನಾನು ಕಣ್ಣು ಮುಚ್ಚಿದೆ, ಈಗ ಹೊಡೆದಾಟವೇ ಎಂದು.

ಅಣ್ಣ ಟಿವಿಯಿಂದ ಈ ಕಡೆ ತಿರುಗಿದ. ಆರಿದ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದು, ಕಪ್ಪು ಕೆಳಗಿಟ್ಟು ತೀರ್ಪು ಕೊಟ್ಟ:

“ನಮ್ಮ ತಂಗಿದೇನೂ ತಪ್ಪಿಲ್ಲ. ಅಷ್ಟ ಮರ್ಯಾದಿಲೆ ಕರಿಯಾಕತ್ತಾರ, ಆ ಮಗಾ ಬರಬೇಕಾಗಿತ್ತು.”